ಬೆರಳು ಬಿಡದ ಬಾಣ

ಇಂಗ್ಲೆಂಡಿನ ಪಾನಗೃಹಗಳಲ್ಲಿ ಬೆಳೆದ ಆಟ ಡಾರ್ಟ್ಸ್. ಎಂಟಡಿಗೆ ತುಸು ಕಡಿಮೆ ದೂರದಲ್ಲಿ ನಿಂತು, ಗೋಡೆಯ ಮೇಲಣ ದುಂಡು ಫಲಕಕ್ಕೆ ಕಿರುಬಾಣಗಳನ್ನು ಎಸೆಯಬೇಕು; ಗಳಿಸಿದ ಅಂಕಗಳನ್ನು 501ರಿಂದ ಕಳೆಯುತ್ತ ಸರಿಯಾಗಿ ಸೊನ್ನೆಯನ್ನು ಮುಟ್ಟಬೇಕು. 1957ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎರಿಕ್ ಬ್ರಿಸ್ಟೋ ಈ ಕಲೆಯಲ್ಲಿ ಅಸಮಾನನೆನಿಸಿ, 1980ರಿಂದ 1986ರೊಳಗೆ ಐದು ಬಾರಿ ವಿಶ್ವಚಾಂಪಿಯನ್ ಆದ.

ಅನಂತರ ಒದಗಿದ್ದು ವಿಚಿತ್ರವಾದ ವಿಪತ್ತು. ಕಣ್ಣಿಗೆ ಗುರಿ ಸ್ಪಷ್ಟ, ತೋಳಿನಲ್ಲಿ ಬಲವೂ ಉಂಟು. ಆದರೆ ಬಾಣವನ್ನು ಬಿಡಬೇಕಾದ ಕ್ಷಣದಲ್ಲಿ ಬೆರಳುಗಳು ಒಲ್ಲೆನ್ನುತ್ತಿದ್ದವು. ಆಟಗಾರರು ಇದನ್ನು ‘ಡಾರ್ಟೈಟಿಸ್’ ಎನ್ನುತ್ತಾರೆ. ಸಾವಿರಾರು ಸಲದ ಅಭ್ಯಾಸದಿಂದ ತಾನಾಗಿ ನಡೆಯುತ್ತಿದ್ದ ಕ್ರಿಯೆ ಒಮ್ಮೆಲೇ ಕೈಗೆ ಅಪರಿಚಿತವಾಗಿಬಿಡುತ್ತದೆ. ನುರಿತ ಗಾಯಕನಿಗೂ ವಾಗ್ಮಿಗೂ ಈ ಭಯ ಹೊಸತಲ್ಲ.

ಬ್ರಿಸ್ಟೋ ಛಲದಿಂದ ಮತ್ತೆ ಫೈನಲ್‌ಗಳನ್ನು ತಲುಪಿದ. ವಿಶ್ವಪ್ರಶಸ್ತಿ ಮಾತ್ರ ಮರಳಲಿಲ್ಲ. ಆದರೂ ಆ ಕಷ್ಟದ ವರ್ಷಗಳಲ್ಲಿಯೇ ಫಿಲ್ ಟೇಲರ್ ಎಂಬ ಕಾರ್ಖಾನೆಯ ಕೆಲಸಗಾರನಿಗೆ ಹಣವನ್ನೂ ಶಿಕ್ಷಣವನ್ನೂ ಕೊಟ್ಟು ಬೆಳೆಸಿದ. 1990ರ ವಿಶ್ವ ಫೈನಲ್‌ನಲ್ಲಿ ಆ ಶಿಷ್ಯನೇ ಗುರುವನ್ನು 6-1ರಿಂದ ಸೋಲಿಸಿದ. ಅದು ಅವನ ಹದಿನಾರು ವಿಶ್ವಪ್ರಶಸ್ತಿಗಳಲ್ಲಿ ಮೊದಲನೆಯದು.

ಬ್ರಿಸ್ಟೋ 2018ರಲ್ಲಿ ತೀರಿಕೊಂಡ. ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವನು ಅದನ್ನು ಬಯಸಿದ್ದನೋ ಇಲ್ಲವೋ, ತನ್ನ ಕೈ ತಡವರಿಸುತ್ತಿದ್ದಾಗಲೂ ವಿದ್ಯೆಯನ್ನು ಬಚ್ಚಿಡಲಿಲ್ಲ.