ವಿಶ್ವಕಿರಣಗಳೂ ಕೋಲಾರದ ಗಣಿಯೂ

ವಿಶ್ವಕಿರಣಗಳು ಹೆಸರಿಗಷ್ಟೇ ಕಿರಣಗಳು. ವಾಸ್ತವದಲ್ಲಿ ಅವು ಬಹುಪಾಲು ಪ್ರೋಟಾನ್‌ಗಳು. ಸಿಡಿದ ನಕ್ಷತ್ರಗಳ ಅವಶೇಷಗಳೇ ಇವುಗಳ ಮುಖ್ಯ ತವರೆಂಬುದು ವಿಜ್ಞಾನಿಗಳ ಅಭಿಪ್ರಾಯ. ಆದರೆ ಕಾಂತಕ್ಷೇತ್ರಗಳು ದಾರಿಯುದ್ದಕ್ಕೂ ಅವನ್ನು ತಿರುಗಿಸುವುದರಿಂದ, ಬಂದ ದಿಕ್ಕು ನೋಡಿ ಮೂಲವನ್ನು ಹೇಳುವಂತಿಲ್ಲ.

ಅವು ವಾಯುಮಂಡಲಕ್ಕೆ ಅಪ್ಪಳಿಸಿದಾಗ ಮ್ಯೂಯಾನ್‌ಗಳೂ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಮ್ಯೂಯಾನ್ ಬಂಡೆಯನ್ನೂ ಭೇದಿಸುತ್ತದೆ, ಎಷ್ಟು ಆಳದವರೆಗೆ? ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಅಳೆಯಲು ಕೋಲಾರದ ಚಿನ್ನದ ಗಣಿಗೆ ಇಳಿದರು. ಸುಮಾರು 2.7 ಕಿ.ಮೀ. ಆಳದಲ್ಲಿ ತಿಂಗಳುಗಟ್ಟಲೆ ಕಾದರೂ ಒಂದೂ ದಾಖಲಾಗಲಿಲ್ಲ. ಬರಿಗೈ ಎನ್ನಬೇಡಿ, ಆ ನಿಶ್ಶಬ್ದವೇ ಉಪಯೋಗಕ್ಕೆ ಬಂದಿತು. ಮ್ಯೂಯಾನ್‌ಗಳ ಗದ್ದಲ ಅಡಗಿದೆಡೆ ಭೂಮಿಯನ್ನೇ ಹಾಯ್ದುಹೋಗಬಲ್ಲ ನ್ಯೂಟ್ರಿನೊದ ಸುಳಿವು ಹಿಡಿಯಬಹುದಿತ್ತು. 1965ರಲ್ಲಿ, 2.3 ಕಿ.ಮೀ. ಆಳದಲ್ಲಿ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳೊಡಗೂಡಿ ಅವರು ಅದನ್ನು ಹಿಡಿದರು. ಅಂತಹ ಗಣಿ 2001ರಲ್ಲಿ ಮುಚ್ಚಿತು.