ಮರಳಿ ಕೈಗೆ ಬಂದ ಹೆಣಿಗೆ ಕಡ್ಡಿ

ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ-ಅಂಬಲಿ ಉಂಡು ಮನೆಗೆ ಮರಳಿದ ಬೀದರ ಸೀಮೆಯ ರೈತಕುಟುಂಬಕ್ಕೆ ಅಲ್ಲಿಂದ ಮುಂದೆ ಹಲವು ವಾರ ಚಳಿಯೊಡನೆಯೇ ಸಂಸಾರ. ಶಿವರಾತ್ರಿ ಬಂದೊಡನೆ ಚಳಿ 'ಶಿವ ಶಿವ' ಎಂದು ಹೊರಟುಹೋಗುತ್ತದೆಂಬ ಮಾತು ನಾಡಿಗೆಲ್ಲ ಪರಿಚಿತವಾದುದೇ. ಆದರೆ ಶಿವರಾತ್ರಿಯವರೆಗಿನ ದಿನಗಳನ್ನು ಕಳೆಯುವ ಬಗೆ ಹೇಗೆಂಬುದನ್ನು ಬೀದರಿನ ವೃದ್ಧರನ್ನೇ ಕೇಳಬೇಕು. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಈ ಕೆಂಪು ಕಲ್ಲಿನ ನೆಲದಲ್ಲಿ 1901ರ ಜನವರಿ 5ರಂದು ಉಷ್ಣತೆ 2.9 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತೆಂದು ದಾಖಲೆಯಿದೆ. ಇಂದಿಗೂ ಪುಷ್ಯ-ಮಾಘದ ಕೆಲವು ಬೆಳಗುಗಳಲ್ಲಿ ಹತ್ತು ಡಿಗ್ರಿಯ ಕೆಳಗೆ ಇಳಿಯುವುದುಂಟು. ಮೈಗೆ ಕೌದಿಯಿದೆ, ಹೆಗಲಿಗೆ ಕಂಬಳಿಯಿದೆ, ತಲೆಗೆ ರುಮಾಲಿದೆ. ಪಾದಕ್ಕೆ ಮಾತ್ರ ಏನೂ ಇಲ್ಲ. ಮನೆಯೊಳಗೆ ಹಾಸಿರುವ ಶಹಾಬಾದ ಫರಸಿಯಾದರೋ ಬೇಸಿಗೆಯಲ್ಲಿ ಎಷ್ಟು ಹಿತವೋ ಚಳಿಗಾಲದಲ್ಲಿ ಅಷ್ಟೇ ನಿರ್ದಯಿ. ನಸುಕಿನಲ್ಲಿ ಲಿಂಗಪೂಜೆಗೆಂದು ಏಳುವ ಹಿರಿಯರ ಅಂಗಾಲು ಮೊದಲು ಮುಟ್ಟುವುದು ಆ ಕಲ್ಲನ್ನೇ.

ಈ ವರ್ಷದ ಚಳಿಗಾಲದಲ್ಲಿ ಕೆಲವು ದಿನ ನಾವು ಅಷ್ಟೂರಿನಲ್ಲಿದ್ದೆವು. ಬೀದರ ನಗರದಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರು ಇಳಿದು ಬಂದರೆ ಬಯಲಿನಲ್ಲಿ ಸಾಲಾಗಿ ನಿಂತಿರುವ ಬಹಮನಿ ಸುಲ್ತಾನರ ಗುಮ್ಮಟಗಳನ್ನು ಓದುಗ ಬಂಧುಗಳಲ್ಲಿ ಅನೇಕರು ಕಂಡಿರುವಿರಿ. ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದ ಅಹಮದ ಶಹಾ ವಲಿ (ಆಳ್ವಿಕೆ 1422-1436) ಇಲ್ಲಿಯೇ ಮಲಗಿದ್ದಾನೆ. ಅವನನ್ನು ಅಲ್ಲಮಪ್ರಭುವೆಂದೇ ಭಾವಿಸಿ ನಡೆದುಕೊಳ್ಳುವ ನಮ್ಮ ಜನ, ಹೋಳಿಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ಮಾಡಿಯಾಳದಿಂದ ಬರುವ ಜಂಗಮರು, ಅದೇ ಗೋರಿಗೆ ನಮಿಸುವ ಮುಸಲ್ಮಾನ ಬಂಧುಗಳು, ಇವರೆಲ್ಲರ ಕಥೆ ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ. ಇಲ್ಲಿ ಹೇಳಬೇಕಾದುದು ಒಂದು ಪದದ ಮಾತು. ಈ ಭಾಗದಲ್ಲಿ ಕಾಲುಚೀಲಕ್ಕೆ 'ಮೋಜಾ' ಎನ್ನುವುದು ರೂಢಿ. ಅದು ಪಾರಸಿಯ ಪದ. ಪಾರಸಿ ನುಡಿಯುವ ಅರಸು ಮನೆತನವೊಂದು ಬಾಳಿದ ಈ ನೆಲದಲ್ಲಿ ಆ ಶಬ್ದ ನಿಂತಿರುವುದು ಸಹಜವೇ ಆಗಿದೆ.

ಉಣ್ಣೆ ಈ ಸೀಮೆಗೆ ಹೊಸತಲ್ಲ. ಕುರುಬ ಬಂಧುಗಳು ದಖನಿ ತಳಿಯ ಕರಿಯ ಕುರಿಗಳ ತುಪ್ಪಟವನ್ನು ಕತ್ತರಿಸಿ, ಹಿಂಜಿ, ಅವರ ಮನೆಯ ಹೆಣ್ಣುಮಕ್ಕಳು ನೂತ ಎಳೆಗೆ ಹುಣಸೆ ಬೀಜದ ಗಂಜಿ ಕೊಟ್ಟು, ಕುಣಿಮಗ್ಗದಲ್ಲಿ ಕಂಬಳಿ ನೇಯುತ್ತ ಬಂದುದು ಶತಮಾನಗಳ ಕಾಯಕ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೂ ಕುರಿಕಾಯುವ ವೀರಗೊಲ್ಲಾಳನಿದ್ದನು, ನೂಲು ತೆಗೆಯುವ ಕದಿರ ರೆಮ್ಮವ್ವೆಯಿದ್ದಳು. ತನ್ನ ಕದಿರನ್ನೇ ಅನುಭಾವದ ಭಾಷೆಯನ್ನಾಗಿಸಿದ ಆ ತಾಯಿಯನ್ನು ನೂಲಿನ ಮಾತು ಬಂದಾಗಲೆಲ್ಲ ನೆನೆಯದಿರುವುದು ನಮಗೆ ಸಾಧ್ಯವಾಗಿಲ್ಲ. ಆದರೆ ಅದು ನೇಯ್ಗೆಯ ಲೋಕ. ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದು ಕುಣಿಕೆಯಾಗಿ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯಾಗಿ ಹೊರಬರುತ್ತ ಬಟ್ಟೆಯಾಗುತ್ತದೆ. ಆದುದರಿಂದಲೇ ಅದು ಎಳೆದತ್ತ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಹಿಮ್ಮಡಿಯ ತಿರುವಿನಲ್ಲಿ ಕಂಬಳಿಯ ತುಂಡು ಮಡಿಕೆ ಬಿದ್ದೀತು, ಹೆಣೆದ ಬಟ್ಟೆ ಅಲ್ಲಿ ಮೈಗೆ ಮೈಯಾಗಿ ಕೂಡುತ್ತದೆ. ಇನ್ನೊಂದು ವಿಷಯವನ್ನೂ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಸ್ವದೇಶಾಭಿಮಾನದಿಂದ ದಖನಿ ಉಣ್ಣೆಯಲ್ಲಿಯೇ ಕಾಲುಚೀಲ ಹೆಣೆಯಹೊರಟವರಿಗೆ ನಿರಾಸೆ ಖಂಡಿತ. ಆ ಎಳೆಯಲ್ಲಿ ಕೂದಲಿನ ಅಂಶ ಹೆಚ್ಚು. ಬರಿಯ ಚರ್ಮಕ್ಕೆ ಚುಚ್ಚುತ್ತದೆ. ಮಳೆ ತಡೆಯುವ ಕಂಬಳಿಗೆ ಯಾವ ಒರಟುತನ ಗುಣವೋ ಕಾಲುಚೀಲಕ್ಕೆ ಅದೇ ದೋಷ. ಹೀಗಾಗಿ ಮೆರಿನೋ ಮೊದಲಾದ ಮೃದು ತಳಿಗಳ ಉಣ್ಣೆಯನ್ನೇ ಕೊಳ್ಳಬೇಕಾಗುತ್ತದೆ. ಕಂಬಳಿಯ ತುಂಡನ್ನು ಮಂಚದ ಪಕ್ಕದ ಫರಸಿಯ ಮೇಲೆ ಹಾಸಿರಿ, ಅದಕ್ಕಿಂತ ಒಳ್ಳೆಯ ಕಾಲೊರಸು ಇಲ್ಲ.

ಹೆಣಿಗೆಯ ಮೂಲವನ್ನು ಶೋಧಿಸಿದ ವಿದ್ವಾಂಸರು ಈಜಿಪ್ತಿನತ್ತ ಬೆರಳು ತೋರುತ್ತಾರೆ. ಅಲ್ಲಿ ದೊರೆತ, ಸಾವಿರ ವರ್ಷಕ್ಕೆ ಸಮೀಪದ, ನೀಲಿ-ಬಿಳಿ ಹತ್ತಿನೂಲಿನ ಹೆಣಿಗೆಯ ತುಣುಕುಗಳಲ್ಲಿ ಕಾಲುಚೀಲಗಳೇ ಪ್ರಸಿದ್ಧ. ಅವಕ್ಕಿಂತಲೂ ಹಳೆಯವು, ಕ್ರಿ.ಶ. ನಾಲ್ಕು-ಐದನೆಯ ಶತಮಾನದವು, ಅದೇ ದೇಶದ ಮರಳಿನಲ್ಲಿ ಸಿಕ್ಕಿವೆ. ಅವನ್ನು ಎರಡು ಕಡ್ಡಿಗಳಿಂದ ಹೆಣೆದಿಲ್ಲ, ಒಂದೇ ಸೂಜಿಯಿಂದ ಕುಣಿಕೆ ಹಾಕುತ್ತ ಮಾಡಿದ್ದಾರೆ. ಅವುಗಳಲ್ಲಿ ಹೆಬ್ಬೆರಳಿಗೆ ಒಂದು ಗೂಡು, ಉಳಿದ ಬೆರಳುಗಳಿಗೆ ಇನ್ನೊಂದು ಗೂಡು! ಚಪ್ಪಲಿಯ ಉಂಗುಟಕ್ಕೆ ಅನುಕೂಲವಾಗಲೆಂದು ಮಾಡಿದ್ದು. ನಮ್ಮ ಪೇಟೆಯಲ್ಲಿ ಹೆಣ್ಣುಮಕ್ಕಳು ಚಪ್ಪಲಿಯೊಡನೆ ಧರಿಸುವ ಹೆಬ್ಬೆರಳಿನ ಮೋಜಾಗಳನ್ನು ಕಂಡು ಆಧುನಿಕರ ಉಪಾಯವೆಂದು ಬಗೆಯುವವರು ಇದನ್ನು ಗಮನಿಸಬೇಕು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದ ಮೇಲೆ ಕೈಹೆಣಿಗೆಯ ಆಯುಷ್ಯ ಮುಗಿಯಿತೆಂದೇ ಅನ್ನಬಹುದಾಗಿತ್ತು. ಅದು ಮುಗಿಯಲಿಲ್ಲ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಕೆಸರಿನ ಕಂದಕಗಳಲ್ಲಿ ನಿಂತು ಪಾದ ಕೊಳೆಯುತ್ತಿದ್ದ ಸೈನಿಕರಿಗೆ ಮನೆಮನೆಯ ಹೆಂಗಸರು ಹೆಣೆದು ಕಳಿಸಿದ್ದು ಕಾಲುಚೀಲಗಳನ್ನೇ.

ನಮ್ಮ ದೇಶಕ್ಕೆ ಈ ವಿದ್ಯೆ ಬಂದುದು ಬಹುಮಟ್ಟಿಗೆ ಪಾದ್ರಿಗಳ ಶಾಲೆಗಳಿಂದ, ಆಂಗ್ಲ ಅಧಿಕಾರಿಗಳ ಮನೆಗಳಿಂದ. ಆಮೇಲೆ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ-ಕಸೂತಿಗಳ ಜೊತೆಗೆ ಹೆಣಿಗೆಯೂ ಪಾಠವಾಯಿತು. ನಮ್ಮ ಅಕ್ಕಂದಿರ ತಲೆಮಾರು ಅದನ್ನು ಕಲಿತದ್ದು ಹಾಗೆ. ಕಡ್ಡಿ ಕೊಳ್ಳಲು ಹಣವಿಲ್ಲದ ಮನೆಗಳಲ್ಲಿ ಸೈಕಲ್ಲಿನ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಳ್ಳುತ್ತಿದ್ದರು. ಮೊಮ್ಮಗು ಹುಟ್ಟಲಿದೆಯೆಂದರೆ ಟೊಪ್ಪಿಗೆ, ಕಾಲುಚೀಲ ಸಿದ್ಧ. ಬರಬರುತ್ತ ಲೂಧಿಯಾನದ ಸ್ವೆಟರುಗಳು ಪೇಟೆ ತುಂಬಿದವು, ಚಳಿಗಾಲಕ್ಕೆ ಟಿಬೇಟಿ ವ್ಯಾಪಾರಿಗಳು ಊರೂರಿಗೆ ಅಂಗಡಿ ತಂದರು, ದೂರದರ್ಶನ ಸಂಜೆಗಳನ್ನು ಕಸಿಯಿತು. ಕಡ್ಡಿಗಳು ಟ್ರಂಕಿನ ತಳ ಸೇರಿದವು.

ಅಷ್ಟೂರಿನ ಪರಿಚಿತರ ಮನೆಯೊಂದರಲ್ಲಿ ಅವು ಮೇಲೆ ಬಂದದ್ದು 2020ರಲ್ಲಿ, ಮಹಾಮಾರಿಯಿಂದ ಜಗತ್ತೇ ಬಾಗಿಲಿಕ್ಕಿಕೊಂಡ ದಿನಗಳಲ್ಲಿ. ಆ ಮನೆಯ ಸೊಸೆ ಈಗ ಅರವತ್ತರ ಹತ್ತಿರದವರು. ಬಾಲ್ಯದಲ್ಲಿ ಕಲಿತದ್ದು ಕೈಗೆ ನೆನಪಿತ್ತು, ತಲೆಗೆ ಮರೆತಿತ್ತು ಎಂದು ನಗುತ್ತ ಹೇಳಿದರು. ಸೀದಾ, ಉಲ್ಟಾ ಎಂಬ ಎರಡೇ ಕುಣಿಕೆಗಳ ಮೇಲೆ ಈ ಶಾಸ್ತ್ರವೆಲ್ಲ ನಿಂತಿರುವುದರಿಂದ ಬೆರಳು ದಾರಿ ಹಿಡಿಯಲು ಎರಡು ದಿನ ಸಾಕಾಯಿತಂತೆ. ಈಗ ಮಧ್ಯಾಹ್ನದ ಊಟ ಮುಗಿದ ಮೇಲೆ ನೆರೆಮನೆಯ ಇನ್ನೂ ಮೂವರು ಅವರ ಕಟ್ಟೆಗೆ ಬಂದು ಕೂಡುತ್ತಾರೆ. ಅವರಲ್ಲೊಬ್ಬ ಹುಡುಗಿ ಕಾಲೇಜಿಗೆ ಹೋಗುವವಳು.

ಹವ್ಯಾಸವೆಂದು ಆರಂಭವಾದುದು ಆ ಮನೆಯಲ್ಲಿ ಬೇರೊಂದು ಅರ್ಥ ಪಡೆದ ಸಂದರ್ಭವನ್ನು ಅವರ ಬಾಯಿಂದಲೇ ಕೇಳಿದೆವು. ಎಂಬತ್ತು ದಾಟಿದ ಅತ್ತೆಗೆ ಕಾಲುಚೀಲ ಹೆಣೆಯಬೇಕೆಂದು ಹೊರಟರು. ಅತ್ತೆ ಬೇಡವೆಂದರು. ನಾವು ಕೂಡ ನಡುವೆ ಬಾಯಿ ಹಾಕಿ, "ಅಳತೆಗೇನು, ಅವರ ಚಪ್ಪಲಿ ಇಟ್ಟು ನೋಡಬಹುದಿತ್ತಲ್ಲ ತಾಯಿ?" ಎಂದೆವು. "ಪಾದಾನೇ ನೋಡಲಾರ್ದೆ ಮೋಜಾ ಹ್ಯಾಂಗ ಮಾಡೋದ್ರಿ ಅಪ್ಪಾವರೆ?" ಎಂದು ಅವರು ಕೇಳಿದರು. ಅಳತೆಗೆಂದು ಬೆಳಕಿನಲ್ಲಿ ಕೂಡಿಸಿ, ಅತ್ತೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳ ಬುಡದಲ್ಲಿ ದಾರ ಸುತ್ತಿದಾಗ ಕಂಡದ್ದು ಹಿಮ್ಮಡಿಯ ಒಡಕಿನೊಳಗೆ ಕೀವು ತುಂಬಿದ ಹುಣ್ಣು. ಸಕ್ಕರೆ ಕಾಯಿಲೆ ಬಹುಕಾಲದಿಂದ ಇದ್ದ ಆ ತಾಯಿಗೆ ಪಾದದಲ್ಲಿ ಸ್ಪರ್ಶಜ್ಞಾನವೇ ಕುಂದಿತ್ತು, ನೋವು ಗೊತ್ತಾಗಿರಲಿಲ್ಲ. ಅಂದೇ ಆಸ್ಪತ್ರೆಗೆ ಕರೆದೊಯ್ದರು. ಎರಡು ತಿಂಗಳ ಶುಶ್ರೂಷೆಯಿಂದ ಗಾಯ ಮಾಗಿ ಕಾಲು ಉಳಿಯಿತು. ಆ ಎರಡು ತಿಂಗಳಲ್ಲಿ ಸೊಸೆ ದಿನವೂ ಪಾದವನ್ನು ನೋಡಿದರು, ಹೆಣಿಗೆಯನ್ನು ಮುಟ್ಟಲಿಲ್ಲ. ಗಾಯ ಮಾಗಿದ ಮೇಲೆ ಅಳತೆಯನ್ನು ಮತ್ತೊಮ್ಮೆ ತೆಗೆದುಕೊಂಡರು, ಬಾವು ಇಳಿದು ಪಾದ ಸಣ್ಣದಾಗಿತ್ತು.

ಒಂದೇ ಮನೆಯಲ್ಲಿ ಮೂವತ್ತು ವರ್ಷ ಇದ್ದೂ ಹಿರಿಯರ ಅಂಗಾಲನ್ನು ನಾವು ಎಷ್ಟು ಬಾರಿ ಕಂಡಿರುತ್ತೇವೆ? ನಮಸ್ಕರಿಸುವಾಗ ಮುಟ್ಟುವುದು ಪಾದದ ಮೇಲ್ಭಾಗವನ್ನು. ಅಂಗಡಿಯ ಕಾಲುಚೀಲವನ್ನು ಯಾರ ಪಾದವನ್ನೂ ನೋಡದೆ ತಂದುಕೊಡಬಹುದು.

ಅಂಥ ಪಾದಗಳಿಗೆ ಅಂಗಡಿಯ ಮೋಜಾ ಹಲವು ವೇಳೆ ಹೊಂದುವುದೂ ಇಲ್ಲ. ಅದರ ರಬ್ಬರಿನ ಪಟ್ಟಿ ಬಾತ ಕಣಕಾಲಿನಲ್ಲಿ ಬರೆ ಮೂಡಿಸುತ್ತದೆ, ಬೆರಳ ತುದಿಯ ಹೊಲಿಗೆಯ ದಿಂಡು ಒತ್ತುತ್ತದೆ. ಕೈಹೆಣಿಗೆಯಲ್ಲಿ ಪಟ್ಟಿಯನ್ನು ಎರಡು ಸೀದಾ, ಎರಡು ಉಲ್ಟಾ ಹೆಣೆದು ಸಡಿಲವಾಗಿ ನಿಲ್ಲಿಸಬಹುದು, ತುದಿಯನ್ನು ದಿಂಡಿಲ್ಲದಂತೆ ಸೂಜಿಯಿಂದ ಕುಣಿಕೆಗೆ ಕುಣಿಕೆ ಸೇರಿಸಿ ಮುಚ್ಚಬಹುದು. ಉಣ್ಣೆಯ ಇನ್ನೊಂದು ಗುಣವೆಂದರೆ, ತನ್ನ ತೂಕದ ಮೂರನೆಯ ಒಂದು ಪಾಲಿಗೆ ಸಮೀಪದಷ್ಟು ತೇವವನ್ನು ಹೀರಿಯೂ ಅದು ಒದ್ದೆಯೆನಿಸದು. ಎಳೆಯ ಸುರುಳಿಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಉಣ್ಣೆಯೆಂಬ ಹೆಸರಿನಲ್ಲಿ ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್ ಆಗಿರುವುದರಿಂದ ಚೀಟಿಯನ್ನು ಓದಿಯೇ ಕೊಳ್ಳಿರಿ. ನಾಲ್ಕರಲ್ಲಿ ಮೂರು ಪಾಲು ಉಣ್ಣೆ, ಒಂದು ಪಾಲು ನೈಲಾನ್ ಇರುವ ದಾರ ಕಾಲುಚೀಲಕ್ಕೆ ಅತ್ಯುತ್ತಮ. ಬರಿಯ ಉಣ್ಣೆ ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ.

ವಿಧಾನವನ್ನು ಆ ತಾಯಿ ನಮಗೆ ತಿಳಿಸಿದಂತೆ ಬರೆಯುತ್ತೇವೆ. ಎರಡೂ ತುದಿ ಚೂಪಾಗಿರುವ ಹತ್ತನೆಯ ನಂಬರಿನ ನಾಲ್ಕು ಕಡ್ಡಿ ಬೇಕು. (ನಂಬರು ಏರಿದಷ್ಟೂ ಕಡ್ಡಿ ಸಣ್ಣದಾಗುವುದೆಂಬುದು ಈ ಲೋಕದ ವಿಚಿತ್ರ ಗಣಿತ.) ಸಾಧಾರಣ ದಪ್ಪದ ದಾರಕ್ಕೆ, ನಡುತರದ ಪಾದಕ್ಕೆ 48 ಕುಣಿಕೆ ಹಾಕಿ, ಮೂರು ಕಡ್ಡಿಗಳಿಗೆ ಹಂಚಿ, ನಾಲ್ಕನೆಯದರಿಂದ ಸುತ್ತುಸುತ್ತಾಗಿ ಹೆಣೆಯುತ್ತ ಇಳಿಯಬೇಕು. ಚೀಲದ ಸುತ್ತಳತೆ ಪಾದದ ಸುತ್ತಳತೆಗಿಂತ ಹತ್ತರಲ್ಲೊಂದು ಪಾಲು ಕಡಿಮೆಯಿದ್ದರೆ ಜಾರದೆ ಕೂಡುತ್ತದೆ. ಹಿಮ್ಮಡಿ ಬಂದಾಗ ಅರ್ಧ, ಎಂದರೆ 24 ಕುಣಿಕೆಗಳನ್ನು ಮಾತ್ರ ಹಿಂದೆ ಮುಂದೆ 24 ಸಾಲು ಹೆಣೆಯುವುದು. ಆಮೇಲಿನದು ಹಿಮ್ಮಡಿಯ ತಿರುವು. ಸಾಲನ್ನು ಪೂರ್ತಿ ಮುಗಿಸದೆ ನಡುವಿನಿಂದ ತುಸು ಮುಂದೆ ಹೋಗಿ, ಎರಡು ಕುಣಿಕೆಗಳನ್ನು ಒಂದು ಮಾಡಿ, ಇನ್ನೊಂದನ್ನು ಹೆಣೆದು ಹಿಂದಿರುಗಬೇಕು. ಆ ಕಡೆಯೂ ಹಾಗೆಯೇ. ಪ್ರತಿಸಲ ಒಂದೊಂದು ಕುಣಿಕೆ ಹೆಚ್ಚು ದೂರ ಸಾಗುತ್ತ, 24 ಹೋಗಿ 14 ಉಳಿಯುವ ಹೊತ್ತಿಗೆ ಚಪ್ಪಟೆಯಾಗಿದ್ದ ಬಟ್ಟೆ ಬೊಗಸೆಯಂತೆ ಬಾಗಿ ನಿಲ್ಲುತ್ತದೆ. ನಮ್ಮ ಕಣ್ಣೆದುರಿಗೇ ಅದು ಬಾಗಿದ್ದನ್ನು ಕಂಡೆವು. ತರ್ಕಶಾಸ್ತ್ರ ಓದಿದವರಿಗೂ ಅದು ಹೇಗಾಯಿತೆಂದು ಹೇಳಲು ತುಸು ಹೊತ್ತು ಬೇಕಾದೀತು. ಬಳಿಕ ಹಿಮ್ಮಡಿಯ ಎರಡು ಅಂಚಿನಿಂದ ಹನ್ನೆರಡು ಹನ್ನೆರಡು ಕುಣಿಕೆ ಎತ್ತಿಕೊಂಡರೆ ಒಟ್ಟು 62. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡರಂತೆ ಇಳಿಸಿ ಮತ್ತೆ 48ಕ್ಕೆ ತರುವುದು. ಬೆರಳ ತುದಿ ಎರಡು ಅಂಗುಲ ಉಳಿದಾಗ ಪಕ್ಕಗಳಲ್ಲಿ ಇಳಿಸತೊಡಗಿ 16 ಉಳಿದಾಗ ಮುಚ್ಚುವುದು. ಒಳಗೆ ಗಂಟು ಹಾಕಲೇಬಾರದು. ದಾರದ ತುದಿಯನ್ನು ಸೂಜಿಯಿಂದ ಹೆಣಿಗೆಯೊಳಗೇ ಓಡಿಸಿಬಿಡಬೇಕು.

ಇಷ್ಟಕ್ಕೆ ಹಿಡಿಯುವ ಸಮಯವೆಷ್ಟು? ಕೈ ಪಳಗಿದವರಿಗೆ ಒಂದು ಜೊತೆಗೆ ವಾರದ ಮಧ್ಯಾಹ್ನಗಳು ಬೇಕು. ಒಳ್ಳೆಯ ಉಣ್ಣೆಯ ಬೆಲೆ ಪೇಟೆಯ ಸಿದ್ಧ ಜೊತೆಗಿಂತ ಹೆಚ್ಚೇ ಆಗುತ್ತದೆ. ಇದನ್ನು ಆ ಮನೆಯ ಯಜಮಾನರು ನಮ್ಮೆದುರಿಗೇ ಎತ್ತಿ ಆಡಿದರು. ಲೆಕ್ಕದಲ್ಲಿ ಅವರು ಹೇಳಿದ್ದು ಸರಿ, ಉಳಿತಾಯಕ್ಕಾಗಿ ಹೆಣೆಯುವವರು ಹೆಣೆಯದಿರುವುದೇ ಲೇಸು. ಯಜಮಾನರ ಕಾಲಿನಲ್ಲಿ ಅಂದು ಬೂದುಬಣ್ಣದ ಹೊಸ ಜೊತೆಯಿದ್ದುದನ್ನೂ ಇಲ್ಲಿ ಹೇಳಬೇಕು.

ಕೆಲವು ಎಚ್ಚರಿಕೆಗಳು ಅವಶ್ಯ. ನುಣುಪಾದ ಫರಸಿಯ ಮೇಲೆ ಉಣ್ಣೆ ಜಾರುತ್ತದೆ. ವೃದ್ಧಾಪ್ಯದಲ್ಲಿ ಸೊಂಟದ ಮೂಳೆ ಮುರಿದರೆ ಚಳಿಗಿಂತ ದೊಡ್ಡ ಆಪತ್ತು. ಆದುದರಿಂದ ಅಂಗಾಲಿಗೆ ತೆಳುವಾದ ಚರ್ಮದ ತುಂಡನ್ನು, ಒರಟು ಬದಿ ನೆಲಕ್ಕೆ ಬರುವಂತೆ, ಹೊರಗಿನಿಂದ ಹೊಲಿಯಬೇಕು, ಇಲ್ಲವೆ ಮೇಲೆ ಚಪ್ಪಲಿ ಮೆಡಿಸಬೇಕು. ಸಕ್ಕರೆ ಕಾಯಿಲೆಯವರ ಪಾದವನ್ನು ಪ್ರತಿರಾತ್ರಿ ಚೀಲ ಕಳಚಿ ನೋಡಬೇಕು. ಕಾಲು ಬೆಚ್ಚಗಾಗಲೆಂದು ಬಿಸಿನೀರಿನ ಚೀಲವನ್ನೋ ಕೆಂಡದ ಅಗ್ಗಿಷ್ಟಿಕೆಯನ್ನೋ ಹತ್ತಿರ ತರಲೇಬಾರದು. ಒಗೆಯಲು ತಣ್ಣೀರು, ಅಂಟುವಾಳದ ನೊರೆ ಸಾಕು. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ಹಿರಿಯರ ಮೋಜಾ ಮೊಮ್ಮಗನ ಕಾಲಿಗೆ ಆಗುವಷ್ಟಾಗುತ್ತದೆ. ಹಿಂಡದೆ, ಬಟ್ಟೆಯಲ್ಲಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿರಿ.

ಮೊದಲ ಚೀಲ ಮುಗಿದೊಡನೆ ಉತ್ಸಾಹ ಕುಗ್ಗಿ ಎರಡನೆಯದು ವರ್ಷಗಟ್ಟಲೆ ಬುಟ್ಟಿಯಲ್ಲಿ ಬೀಳುವುದು ಲೋಕರೂಢಿ. ಅದಕ್ಕೆ ಅವರು ಕಂಡುಕೊಂಡ ಉಪಾಯ ಇದು: ಮೊದಲನೆಯದನ್ನು ಮುಚ್ಚಿದ ದಿನವೇ ಎರಡನೆಯದರ 48 ಕುಣಿಕೆ ಹಾಕಿಬಿಡುವುದು. ಪಟ್ಟಿಗೆ ಎಷ್ಟು ಸುತ್ತು, ಕಣಕಾಲಿಗೆ ಎಷ್ಟು, ಪಾದಕ್ಕೆ ಎಷ್ಟು ಎಂಬುದನ್ನು ಗೋಡೆಯ ಪಂಚಾಂಗದ ಮೇಲೆ ಸೀಸದ ಕಡ್ಡಿಯಿಂದ ಬರೆದಿಟ್ಟಿದ್ದಾರೆ. ಹಬ್ಬಹುಣ್ಣಿಮೆಗಳ ಪಕ್ಕದಲ್ಲಿ ಆ ಅಂಕಿಗಳನ್ನು ನೋಡಿಯೇ ಕಾಲೇಜಿನ ಹುಡುಗಿಯೂ ಈಗ ತನ್ನ ಅಜ್ಜಿಯ ಎಡಗಾಲಿನದನ್ನು ಹೆಣೆಯುತ್ತಿದ್ದಾಳೆ.