ಹೆಚ್ಚು ಪ್ಲಾಸ್ಟಿಕ್ ತಂದ ತರಗತಿಗೆ ಬಹುಮಾನ: ಇದರಿಂದ ಕಸ ಕಡಿಮೆಯಾಗುತ್ತದೆಯೇ?

ಜೂನ್ 5ರ ವಿಶ್ವ ಪರಿಸರ ದಿನದ ಆಸುಪಾಸಿನಲ್ಲಿ ಹಲವು ಶಾಲೆಗಳಲ್ಲಿ ಒಂದು ಸ್ಪರ್ಧೆ ನಡೆಯುವುದನ್ನು ನೀವೂ ನೋಡಿರಬಹುದು. ಮಕ್ಕಳು ಮನೆಯಿಂದ ಖಾಲಿ ಬಾಟಲಿ, ಹಾಲಿನ ಪ್ಯಾಕೆಟ್, ರದ್ದಿ ಪೇಪರ್ ತರುತ್ತಾರೆ. ಶಿಕ್ಷಕರು ತೂಕ ಹಾಕುತ್ತಾರೆ. ಹೆಚ್ಚು ತೂಗಿದ ತರಗತಿಗೆ ಬಹುಮಾನ.

ಕಳೆದ ವರ್ಷ ಇಂಥದ್ದೊಂದು ಸ್ಪರ್ಧೆ ನೋಡಲು ನಾವು ಶಾಲೆಯೊಂದಕ್ಕೆ ಹೋಗಿದ್ದೆವು. ಆರನೇ ತರಗತಿಯ ಹುಡುಗನೊಬ್ಬ ಎರಡು ಚೀಲದ ತುಂಬ ನೀರಿನ ಬಾಟಲಿ ತಂದಿದ್ದ. ಚಿಕ್ಕಪ್ಪನ ಮದುವೆಯಲ್ಲಿ ಖರ್ಚಾದವಂತೆ. ಅದೇ ತರಗತಿಯ ಹುಡುಗಿಯೊಬ್ಬಳು ಬರಿಗೈಯಲ್ಲಿ ಬಂದಿದ್ದಳು. "ನಮ್ಮನೇಲಿ ಬಾಟ್ಲಿ ತರಲ್ಲ ಮಿಸ್. ಇದ್ದ ಪೇಪರೆಲ್ಲ ಅಜ್ಜಿ ಗುಜರಿಗೆ ಹಾಕ್ಬಿಟ್ರು" ಎಂದಳು. ಬೋರ್ಡಿನ ಮೇಲೆ ಅವಳ ಹೆಸರಿನ ಮುಂದೆ ಸೊನ್ನೆ ಬಿತ್ತು. ಕಸವನ್ನೇ ಹೆಚ್ಚು ಮಾಡದ, ಆದಷ್ಟನ್ನೂ ಸರಿಯಾದ ಕಡೆಗೆ ಸೇರಿಸಿದ ಮನೆಯ ಮಗು ಅಲ್ಲಿ ಸೋತಿತ್ತು.

ಹಾಗಾದರೆ ಸ್ಪರ್ಧೆಯೇ ತಪ್ಪೇ? ನಮ್ಮ ಪ್ರಕಾರ ಅಲ್ಲ. ಯಾವುದನ್ನು ಅಳೆಯುತ್ತೇವೆ ಎಂಬುದರಲ್ಲಿ ತಪ್ಪಿದೆ.

ತೂಕದ ಲೆಕ್ಕ ಎಲ್ಲಿ ದಾರಿ ತಪ್ಪುತ್ತದೆ?

ಅಮೆರಿಕದ ಓಹಾಯೋ ರಾಜ್ಯದಲ್ಲಿ 2001ರಲ್ಲಿ ಎರಡು ವಿಶ್ವವಿದ್ಯಾಲಯಗಳ ನಡುವೆ ಸ್ನೇಹದ ಪಂದ್ಯವೊಂದು ಶುರುವಾಯಿತು. ಒಂದು ಓಹಾಯೋ ವಿಶ್ವವಿದ್ಯಾಲಯ, ಇನ್ನೊಂದು ಮಯಾಮಿ ವಿಶ್ವವಿದ್ಯಾಲಯ. (ಹೆಸರು ಮಯಾಮಿಯಾದರೂ ಇದು ಫ್ಲಾರಿಡಾದ ಸಮುದ್ರ ತೀರದ ಊರಲ್ಲ, ಓಹಾಯೋದಲ್ಲೇ ಇದೆ.) ಯಾರ ವಿದ್ಯಾರ್ಥಿಗಳು ಹೆಚ್ಚು ರೀಸೈಕಲ್ ಮಾಡುತ್ತಾರೆ ಎಂಬುದೇ ಪಂದ್ಯ. 'ರೀಸೈಕಲ್‌ಮೇನಿಯಾ' ಎಂಬ ಹೆಸರಿನಲ್ಲಿ ಅದು ನೂರಾರು ಕಾಲೇಜುಗಳಿಗೆ ಹರಡಿತು. ಬೆಳೆದಂತೆ ಲೆಕ್ಕದ ಬಗೆಯೂ ಹೆಚ್ಚಿತು. ತಲಾ ಎಷ್ಟು ಕಿಲೋ ಎಂಬುದರ ಜೊತೆಗೆ, ಒಟ್ಟು ಕಸದಲ್ಲಿ ಎಷ್ಟು ಪಾಲು ಗುಂಡಿಗೆ ಹೋಗದೆ ಉಳಿಯಿತು ಎಂಬುದನ್ನೂ ನೋಡತೊಡಗಿದರು. ಈಗ ಅದರ ಹೆಸರಿನಲ್ಲಿ ರೀಸೈಕಲ್ ಎಂಬ ಪದವೇ ಇಲ್ಲ, 'ಕ್ಯಾಂಪಸ್ ರೇಸ್ ಟು ಝೀರೋ ವೇಸ್ಟ್' ಎನ್ನುತ್ತಾರೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಒಂದು ಕಲ್ಪಿತ ಲೆಕ್ಕ ನೋಡೋಣ. ತಲಾ 40 ಮಕ್ಕಳಿರುವ ಎರಡು ತರಗತಿಗಳು. ವಾರಕ್ಕೆ 'ಎ' ವಿಭಾಗದ ಕಸ 10 ಕಿಲೋ, ಅದರಲ್ಲಿ 6 ಕಿಲೋ ರೀಸೈಕಲ್‌ಗೆ ಹೋಯಿತು. 'ಬಿ' ವಿಭಾಗದ ಕಸ 4 ಕಿಲೋ, ರೀಸೈಕಲ್‌ಗೆ ಹೋದದ್ದು 3 ಕಿಲೋ. ತೂಕ ನೋಡಿದರೆ 'ಎ' ಗೆಲ್ಲುತ್ತದೆ. ಆದರೆ ಗುಂಡಿಗೆ ಹೋದದ್ದು? 'ಎ'ಯಿಂದ 4 ಕಿಲೋ, 'ಬಿ'ಯಿಂದ ಒಂದೇ ಕಿಲೋ. ಶೇಕಡಾವಾರು ನೋಡಿದರೆ 60ಕ್ಕೆ ಎದುರಾಗಿ 75, 'ಬಿ' ಮುಂದೆ. ಆದರೆ ಶೇಕಡಾವಾರನ್ನೂ ಪೂರ್ತಿ ನಂಬುವಂತಿಲ್ಲ. 20 ಕಿಲೋ ಕಸ ಮಾಡಿ 16 ಕಿಲೋ ರೀಸೈಕಲ್ ಮಾಡಿದ ತರಗತಿಗೆ ಶೇ 80 ಸಿಗುತ್ತದೆ, ಗುಂಡಿಗೆ ಹೋಗುವುದು ಮಾತ್ರ ಅದೇ 4 ಕಿಲೋ. ಹಾಗಾಗಿ ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ಗುಂಡಿಗೆ ಹೋಗುವ ಕಸ ಎಷ್ಟು ಎಂದು ಅಳೆಯುವುದೇ ಹೆಚ್ಚು ಸರಿ. ಆ ಅಂಕಿ ಇಳಿದಷ್ಟೂ ಗೆಲುವು. ಆಗ ಸ್ಟೀಲ್ ಬಾಟಲಿಯಲ್ಲಿ ನೀರು ತರುವ ಮಗುವೂ ತಂಡವನ್ನು ಗೆಲ್ಲಿಸುತ್ತದೆ.

ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ಗೊಂದಲ ಮಾಡುತ್ತದೆ. ಬಾಟಲಿ ತೊಳೆದು ಮತ್ತೆ ನೀರು ತುಂಬಿಸಿಕೊಳ್ಳುವುದಕ್ಕೂ 'ಮರುಬಳಕೆ' ಎನ್ನುತ್ತೇವೆ, ಅದನ್ನು ಕರಗಿಸಿ ಬೇರೆ ವಸ್ತು ಮಾಡುವುದಕ್ಕೂ ಅದನ್ನೇ ಎನ್ನುತ್ತೇವೆ. ಎರಡನೆಯದಕ್ಕೆ ಸಾಗಣೆ, ನೀರು, ವಿದ್ಯುತ್ ಎಲ್ಲವೂ ಬೇಕು.

ಇನ್ನೊಂದು ವಿಷಯ: ತಂದದ್ದೆಲ್ಲ ರೀಸೈಕಲ್ ಆಗುವುದಿಲ್ಲ. ಸಾಂಬಾರ್ ಚೆಲ್ಲಿದ ಕಾಗದಕ್ಕೆ ಗುಜರಿಯಲ್ಲಿ ಬೆಲೆಯಿಲ್ಲ. ಚಿಪ್ಸ್ ಪ್ಯಾಕೆಟ್‌ನಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ತೆಳು ಪದರಗಳು ಅಂಟಿಕೊಂಡಿರುತ್ತವೆ, ಅವನ್ನು ಬೇರ್ಪಡಿಸುವುದು ಕಷ್ಟ. ಹಾಲಿನ ಪ್ಯಾಕೆಟ್ ಪರವಾಗಿಲ್ಲ, ಆದರೆ ತೊಳೆದು ಒಣಗಿಸಿರಬೇಕು. ತೂಕವೊಂದನ್ನೇ ನೋಡುವ ಸ್ಪರ್ಧೆಯಲ್ಲಿ ಒದ್ದೆ ಕಸಕ್ಕೇ ಹೆಚ್ಚು ಅಂಕ!

ಬಹುಮಾನ ಕೊಟ್ಟರೆ ಅಭ್ಯಾಸ ಉಳಿಯುತ್ತದೆಯೇ?

ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿದರು. ಇನ್ನು ಕೆಲವರಿಗೆ ಹೇಳದೆ, ಬಿಡಿಸಿದ ಮೇಲೆ ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಬಹುಮಾನಕ್ಕಾಗಿಯೇ ಬಿಡಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಕಸ ವಿಂಗಡಣೆ ಚಿತ್ರ ಬಿಡಿಸಿದಷ್ಟು ಖುಷಿಯ ಕೆಲಸವಲ್ಲ ಎಂಬುದು ನಿಜ. ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ದುಬಾರಿ ಬಹುಮಾನಕ್ಕಿಂತ, ಪ್ರಾರ್ಥನೆಯ ಹೊತ್ತಿನಲ್ಲಿ ತರಗತಿಯ ಹೆಸರು ಹೇಳಿದರೆ ಸಾಕೆಂದು ನಮಗನ್ನಿಸುತ್ತದೆ. ಪ್ಲಾಸ್ಟಿಕ್ ಟ್ರೋಫಿಯನ್ನಂತೂ ದಯವಿಟ್ಟು ಕೊಡಬೇಡಿ.

ಪೈಪೋಟಿ ಜಗಳವಾಗದಿರಲು

1954ರಲ್ಲಿ ಮುಜಫರ್ ಷೆರೀಫ್ ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯ ಆಡಿಸಿದರು. ಸ್ವಲ್ಪ ದಿನದಲ್ಲೇ ಅವರು ಒಬ್ಬರ ಬಾವುಟ ಇನ್ನೊಬ್ಬರು ಸುಡುವ ಮಟ್ಟಕ್ಕೆ ಹೋದರು. ಎರಡೂ ಗುಂಪು ಸೇರಿದರೆ ಮಾತ್ರ ಬಗೆಹರಿಯುವ ನೀರಿನ ತೊಂದರೆಯಂಥ ಕೆಲಸಗಳು ಎದುರಾದ ಮೇಲೆ ಹಗೆ ತಣ್ಣಗಾಯಿತು. ಪ್ರಯೋಗ ನಡೆಸಿದವರೇ ಜಗಳಕ್ಕೆ ಕುಮ್ಮಕ್ಕು ಕೊಟ್ಟರೆಂಬ ಟೀಕೆಯೂ ಇದೆ. ಆದರೆ ಶಾಲೆಗೆ ಇದರಿಂದ ಒಂದು ಉಪಾಯ ಸಿಗುತ್ತದೆ: ತರಗತಿಗಳ ಪಟ್ಟಿಯ ಪಕ್ಕದಲ್ಲೇ ಇಡೀ ಶಾಲೆಯ ಗುರಿಯೊಂದನ್ನೂ ಬರೆಯಿರಿ.

ಶುರುಮಾಡುವ ಮೊದಲು ಎರಡು ವಾರ, ಯಾರಿಗೂ ಹೇಳದೆ, ಪ್ರತಿ ತರಗತಿಯ ಕಸ ತೂಗಿಡಿ. ಆಮೇಲೆ ಪ್ರತಿ ತರಗತಿ ತನ್ನ ಹಳೆಯ ಅಂಕಿಯೊಂದಿಗೇ ಸ್ಪರ್ಧಿಸಲಿ. ಮಕ್ಕಳ ಹೆಸರು ಬೋರ್ಡಿನ ಮೇಲೆ ಬೇಡ. ಮನೆಯ ಕಸವೂ ಬೇಡ, ಶಾಲೆಯೊಳಗಿನದು ಸಾಕು. ತೀರ್ಪುಗಾರರಲ್ಲಿ ಶಾಲೆಯ ಆಯಾ ಇರಲಿ. ಯಾವ ತರಗತಿಯ ಬುಟ್ಟಿಯಲ್ಲಿ ಹಸಿ ಕಸ, ಒಣ ಕಸ ಬೆರೆತಿರುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಗುಜರಿಯವರ ಜೊತೆಗೋ ಹತ್ತಿರದ ಒಣ ಕಸ ಸಂಗ್ರಹಣಾ ಕೇಂದ್ರದ ಜೊತೆಗೋ ಮೊದಲೇ ಮಾತಾಡಿಕೊಳ್ಳಿ. ನಾವು ನೋಡಲು ಹೋಗಿದ್ದ ಆ ಶಾಲೆಯ ಮೆಟ್ಟಿಲ ಕೆಳಗೆ ಬಾಟಲಿ ತುಂಬಿದ ನಾಲ್ಕು ಮೂಟೆಗಳಿದ್ದವು. ಧೂಳು ಹಿಡಿದ ಚೀಟಿಯೊಂದರ ಮೇಲೆ '7ನೇ ಬಿ, ಪ್ರಥಮ' ಎಂದು ಬರೆದಿತ್ತು. ಅದು ಹಿಂದಿನ ವರ್ಷದ್ದು.